ಗೋಡೆ ನಮ್ಮದು, ಪೆಟ್ಟಿಗೆ ಯಾರದು?

ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಮನೆಗೆ ಕರೆಂಟು ಮಾರುವ ಕಂಪನಿಯನ್ನು ನಾವು ಬದಲಾಯಿಸಿದ್ದು ಮಗಳ ಕಾಟ ತಾಳಲಾರದೆ. ಅವಳಿರುವುದು ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ, ಕಾರಿನ ಬಿಡಿಭಾಗ ತಯಾರಿಸುವವರ ಆಫೀಸಿನಲ್ಲಿ ಕೆಲಸ. ವಿಡಿಯೋ ಕಾಲ್‌ನಲ್ಲಿ ಬಂದಾಗಲೆಲ್ಲ, ನಾವು ಇಡ್ಲಿಹಿಟ್ಟು ರುಬ್ಬುವುದಕ್ಕೂ ಕಲ್ಲಿದ್ದಲು ಸುಡುತ್ತಿದ್ದೇವೆ ಎಂದು ಕಟಕಟೆಯಲ್ಲಿ ನಿಂತವರನ್ನು ನೋಡುವ ಹಾಗೆ ನಮ್ಮನ್ನು ನೋಡುತ್ತಿದ್ದಳು.

ನಮ್ಮೂರಿಗೆ ತಂತಿ ಎಳೆದವರು ಒಬ್ಬರೇ. ಕರೆಂಟನ್ನು ಯಾರಿಂದ ಕೊಳ್ಳಬೇಕೆಂಬುದು ನಮ್ಮಿಷ್ಟ. ನನ್ನ ಗಂಡ ಒಂದು ಭಾನುವಾರ ಕಾಫಿ ಕುಡಿಯುತ್ತಲೇ ಹಳೆಯ ಕಂಪನಿಯನ್ನು ಬಿಟ್ಟು, ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯೊಂದಕ್ಕೆ ನಮ್ಮನ್ನು ಸೇರಿಸಿಬಿಟ್ಟರು. ಮುಂದಿನ ತಿಂಗಳಿಂದ ಗಾಳಿಯ ಕರೆಂಟು ಅದೇ ತಂತಿಯಲ್ಲಿ ಬಂದು, ಅದೇ ಮಿಕ್ಸಿಯನ್ನು ಅದೇ ಕರ್ಕಶ ಸದ್ದಿನಲ್ಲಿ ತಿರುಗಿಸಿತು. ಮಗಳಿಗೆ ಸಮಾಧಾನವಾಯಿತು.

ನಾವು ಮರೆತಿದ್ದು ಹಜಾರದ ಗೋಡೆಯ ಮೇಲಿನ ಪೆಟ್ಟಿಗೆಯನ್ನು. ಅಂಗೈಯಗಲದ, ಗಾಜಿನ ಮುಖದ ಆ ಪೆಟ್ಟಿಗೆಯೇ ಮನೆಯ ಎಸಿಯನ್ನೂ ಹೀಟನ್ನೂ ಆಳುವುದು. ಹೊರಗೋಡೆಯ ಸ್ಮಾರ್ಟ್ ಮೀಟರಿನ ಜೊತೆ ಅದು ಸದಾ ಮಾತಾಡುತ್ತಿರುತ್ತದಂತೆ. ಹಳೆಯ ಕಂಪನಿ ಅದನ್ನು ಪುಕ್ಕಟೆ ಕೊಟ್ಟಿತ್ತು. ಬದಲಿಗೆ, ಸೆಕೆಗಾಲದಲ್ಲಿ ಊರೆಲ್ಲ ಎಸಿ ಹಾಕಿಕೊಂಡ ಹೊತ್ತಿನಲ್ಲಿ ಅವರು ತಮ್ಮ ಆಫೀಸಿನಿಂದಲೇ ನಮ್ಮ ಮನೆಯ ಟೆಂಪರೇಚರನ್ನು ನಾಲ್ಕಾರು ಡಿಗ್ರಿ ಏರಿಸಬಹುದು ಎಂಬ ಕರಾರಿಗೆ ನನ್ನ ಗಂಡ ಸಹಿ ಹಾಕಿದ್ದರು. ಓದಿ ಹಾಕಿದ್ದರೇ ಎಂದು ನಾನು ಕೇಳಿಲ್ಲ. ಮನೆಯಲ್ಲಿ ಶಾಂತಿ ಇರಬೇಕಲ್ಲ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಸಂಜೆ ಅರಿಶಿನ ಕುಂಕುಮಕ್ಕೆ ಇಪ್ಪತ್ತು ಜನ ಹೆಂಗಸರನ್ನು ಕರೆದಿದ್ದೆ. ಹೊರಗೆ ತೊಂಬತ್ತೇಳು ಡಿಗ್ರಿ ಫ್ಯಾರನ್‌ಹೀಟ್, ಊರಿನ ಲೆಕ್ಕದಲ್ಲಿ ಮೂವತ್ತಾರು. ಐದು ಗಂಟೆಗೆ ರೇಷ್ಮೆ ಸೀರೆಗಳೆಲ್ಲ ಬಂದು ಕೂತವು. ಐದೂಕಾಲಿಗೆ ಎಸಿ ನಿಂತಿತು. ಹೋಗಿ ನೋಡಿದರೆ ಪೆಟ್ಟಿಗೆ ತಾನಾಗಿ ಎಂಬತ್ನಾಲ್ಕಕ್ಕೆ ಏರಿ ಕೂತಿದೆ. ಮುಖದ ಮೇಲೊಂದು ಹಸಿರೆಲೆ, ಅದರ ಕೆಳಗೆ ‘ಉಳಿತಾಯಕ್ಕಾಗಿ ಧನ್ಯವಾದ’ ಎಂದು ಇಂಗ್ಲಿಷಿನಲ್ಲಿ ಬರಹ. ಇಳಿಸಿದೆ. ಅದು ಏರಿತು. ಮತ್ತೆ ಇಳಿಸಿದೆ. ಬೀಗದ ಚಿತ್ರ ಬಂತು.

"ರೀ, ಹಳೇ ಕಂಪನೀನ ಬಿಟ್ಟಾಯ್ತು ಅಂದ್ರಲ್ಲ?"

"ನಾವು ಬಿಟ್ಟಿದೀವಿ ಕಣೆ," ಎಂದರು ಇವರು, "ಅವರು ನಮ್ಮನ್ನ ಬಿಟ್ಟಿಲ್ಲ ಅನ್ಸತ್ತೆ."

ಇವರು ವೃತ್ತಿಯಲ್ಲಿ ಎಂಜಿನಿಯರು. ಸ್ಕ್ರೂಡ್ರೈವರ್ ತಂದು ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಐದು ಬಣ್ಣದ ತಂತಿಗಳನ್ನು ಕಂಡರು. ಮುಚ್ಚಳವನ್ನು ಮೊದಲಿನಂತೆಯೇ ಮುಚ್ಚಿ, "ನಂದು ಸಾಫ್ಟ್‌ವೇರು," ಎಂದರು.

ಅಷ್ಟರಲ್ಲಿ ಪಕ್ಕದ ಬೀದಿಯ ಆಂಟಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಹಜಾರಕ್ಕೆ ಬಂದರು. ಹುಬ್ಬಳ್ಳಿ ಕಡೆಯವರು, ಮಗನ ಮನೆಯಲ್ಲಿದ್ದಾರೆ, ಎಪ್ಪತ್ತು ದಾಟಿದೆ.

"ಯವ್ವಾ, ಮನಿಯೊಳಗ ಒಲಿ ಹಚ್ಚೀರೇನು? ಏನಾಗೇತಿ ಇದಕ್ಕ?"

ಹೇಳಿದೆ. ಮನೆ ಎಂಬತ್ನಾಲ್ಕು ಡಿಗ್ರಿ ದಾಟುವ ತನಕ ಇದು ಎಸಿಯನ್ನು ಎಬ್ಬಿಸುವುದಿಲ್ಲ, ನಾವು ಹೇಳಿದರೆ ಕೇಳುವುದಿಲ್ಲ ಎಂದೆ.

"ಮನಿ ಕಾದೇತೋ ಇಲ್ಲೋ ಅಂತ ಅದಕ್ಕ ಹ್ಯಾಂಗ ತಿಳೀತೈತಿ?"

"ಅಲ್ಲೇ ಪೆಟ್ಟಿಗೇಲೇ ಸೆನ್ಸರ್ ಇರತ್ತೆ ಆಂಟಿ."

"ಹಂಗಾದ್ರ ಅದಕ್ಕಷ್ಟ ಝಳ ತೋರಸ್ರಿ. ಮನೀಗ್ಯಾಕ?"

ಮಾತು ಮುಗಿಸಿ ದೇವರ ಮುಂದಿನ ಆರತಿ ತಟ್ಟೆಯನ್ನೇ ಎತ್ತಿಕೊಂಡು ಬಂದರು. ಎರಡು ತುಪ್ಪದ ಬತ್ತಿ ಉರಿಯುತ್ತಿದ್ದ ತಟ್ಟೆಯನ್ನು ಪೆಟ್ಟಿಗೆಯ ಗದ್ದಕ್ಕೆ ಒಂದು ಅಡಿ ಕೆಳಗೆ ಹಿಡಿದು, ಸುಮ್ಮನೆ ನಿಲ್ಲಲಾರದೆ ಮೆಲ್ಲಗೆ ಬೆಳಗಿದರು. ಎಂಬತ್ತೆರಡು, ಎಂಬತ್ಮೂರು, ಎಂಬತ್ತೈದು. ಬೇಸ್‌ಮೆಂಟಿನಲ್ಲಿ ಗುರ್ ಎಂದು ಸದ್ದಾಗಿ ತಣ್ಣನೆ ಗಾಳಿ ಬಂತು. ಸೋಫಾದಲ್ಲಿದ್ದವರಿಗೆ ಕಾರಣ ತಿಳಿಯದಿದ್ದರೂ ಆರತಿ ಕಂಡಿತಲ್ಲ, ಇಬ್ಬರು ಎದ್ದು ನಿಂತು ಕೈಮುಗಿದರು. ಹಬ್ಬ ಮುಗಿಯುವ ತನಕ ಸರದಿಯಲ್ಲಿ ತಟ್ಟೆ ಹಿಡಿದೆವು. ಲಕ್ಷ್ಮಿಗೆ ಆ ದಿನ ಆದದ್ದು ಒಂದೇ ಆರತಿ, ಪೆಟ್ಟಿಗೆಗೆ ಏಳೋ ಎಂಟೋ.

ಸೋಮವಾರ ರಜೆ ಹಾಕಿ ಫೋನು ಹಿಡಿದೆ. ತಂತಿ ಕಂಪನಿಯಾಕೆ, ಹೊರಗಿನ ಮೀಟರು ನಮ್ಮದು, ಅದನ್ನು ನೀವು ಮುಟ್ಟಬಾರದು, ಒಳಗಿನ ಪೆಟ್ಟಿಗೆ ಯಾರದೋ ನಮಗೆ ಗೊತ್ತಿಲ್ಲ ಎಂದಳು. ಗಾಳಿ ಕಂಪನಿಯವನು, ನಾವು ಗಾಳಿ ಮಾತ್ರ ಎಂದ. ಹಳೆಯ ಕಂಪನಿಯವನು ಬಹಳ ವಿನಯವಂತ. ಪೆಟ್ಟಿಗೆ ನಮ್ಮದೇ, ಬೀಗ ತೆಗೆಯುವುದು ಎರಡು ನಿಮಿಷದ ಕೆಲಸ, ಆದರೆ ನೀವು ನಮ್ಮ ಗಿರಾಕಿ ಅಲ್ಲವಲ್ಲ, ನಿಮ್ಮ ಮನೆಯ ವಿಷಯವನ್ನು ನಿಮ್ಮ ಜೊತೆ ಮಾತಾಡುವುದಕ್ಕೆ ನನಗೆ ಅನುಮತಿ ಇಲ್ಲ ಎಂದ.

"ಗಿರಾಕಿ ಅಲ್ಲದಿದ್ದರೆ ನಮ್ಮ ಎಸಿ ಹೇಗೆ ನಿಲ್ಲಿಸುತ್ತೀರಿ?" ಎಂದೆ.

ಅದಕ್ಕೆ ಬೇರೆ ವಿಭಾಗವಿದೆಯಂತೆ. ನೀವು ಮರಳಿ ನಮ್ಮನ್ನು ಸೇರಿದರೆ ಖಂಡಿತ ಬಿಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟ.

ಹಾಗಾಗಿ ಅವರಿಂದ ಬಿಡುಗಡೆ ಪಡೆಯುವುದಕ್ಕೋಸ್ಕರ ಅವರನ್ನೇ ಸೇರಿದೆವು. ಮುಂದಿನ ಮೀಟರ್ ರೀಡಿಂಗ್ ದಿನದಿಂದ ಜಾರಿ ಎಂದರು. ಅರ್ಧ ಗಂಟೆಗೊಮ್ಮೆ ನಮ್ಮ ಚಾಡಿ ಹೇಳುವ ಮೀಟರಿಗೆ ನಾವು ಯಾರ ಗಿರಾಕಿ ಎಂದು ಹೇಳಲು ಮಾತ್ರ ಒಂದು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಬಿಸಿ ಕಾಫಿಯ ಲೋಟವನ್ನು ಪೆಟ್ಟಿಗೆಯ ಕೆಳಗೆ ಹಿಡಿದು ನಿಂತೇ ಕುಡಿದೆವು. ಗಾಳಿ ಕಂಪನಿಯಿಂದ, ನೀವು ಬಿಟ್ಟುಹೋದದ್ದು ಬೇಸರ, ಮರಳಿ ಬಂದರೆ ಒಂದು ಪೆಟ್ಟಿಗೆ ಉಚಿತ ಎಂದು ಪತ್ರ ಬಂತು. ಇವರು ಅದನ್ನು ಎರಡು ಸಲ ಓದಿದರು. ನಾನು ಕಸಿದು ಹರಿದೆ.

ಗಡುವು ತುಂಬಿದ ದಿನ ಫೋನು ಮಾಡಿದರೆ ಆ ವಿನಯವಂತ ನಿಜಕ್ಕೂ ಎರಡೇ ನಿಮಿಷದಲ್ಲಿ ಬೀಗ ತೆಗೆದ. "ಈಗ ಅದು ನಿಮ್ಮದು, ನಮ್ಮ ಜೊತೆ ಉಳಿದದ್ದಕ್ಕೆ ಕೃತಜ್ಞತೆಗಳು," ಎಂದ. ಅದೇ ಸಂಜೆ ಇವರು ಮತ್ತೆ ಗಾಳಿಗೆ ಅರ್ಜಿ ಹಾಕಿದರು.

ಪೆಟ್ಟಿಗೆ ಹಸುಗೂಸಿನಂತೆ ಬರಿದಾಗಿ, ಹೊಸ ಯಜಮಾನನ ಹೆಸರು, ಪಾಸ್‌ವರ್ಡ್ ಕೇಳತೊಡಗಿತು. ಇವರು ಮೂರು ಸಲ ಸೋತರು. ನವರಾತ್ರಿಗೆ ನಮ್ಮ ಹತ್ತಿರದ ಲೆಮಾಂಟ್ ದೇವಸ್ಥಾನಕ್ಕೆಂದು ಬಂದಿದ್ದ ಮಗಳು, "ಡ್ಯಾಡ್, ಗಿವ್ ಇಟ್ ಟು ಮಿ," ಎಂದು ಪೆಟ್ಟಿಗೆಯನ್ನು ತನ್ನ ಫೋನಿಗೆ ಕ್ಷಣಮಾತ್ರದಲ್ಲಿ ಸೇರಿಸಿದಳು. ನಾವಿಬ್ಬರೂ ಅವಳ ಜಾಣತನಕ್ಕೆ ಹಿಗ್ಗಿದೆವು.

ನವೆಂಬರಿನಲ್ಲಿ ಹೀಟು ಹಾಕಿದಾಗ ತಿಳಿಯಿತು. ನಾನು ಎಪ್ಪತ್ತಕ್ಕೆ ಏರಿಸುತ್ತೇನೆ. ಮುನ್ನೂರು ಮೈಲಿ ಆಚೆ ಅವಳ ಫೋನು ಮಿಡಿಯುತ್ತದೆ. ಪೆಟ್ಟಿಗೆ ಅರವತ್ತಾರಕ್ಕೆ ಇಳಿಯುತ್ತದೆ.

"ಯಾಕೆ ಪುಟ್ಟಾ, ನಮಗೆ ಚಳಿ ಆಗತ್ತೆ," ಎಂದೆ.

"ಅಮ್ಮಾ, ಜಸ್ಟ್ ವೇರ್ ಎ ಸ್ವೆಟರ್," ಎಂದಳು.

ಯಜಮಾನಿಕೆಯನ್ನು ನಮ್ಮ ಹೆಸರಿಗೆ ಬರೆದುಕೊಡು ಎಂದರೆ, ಆಯ್ತು, ವೀಕೆಂಡಲ್ಲಿ ನೋಡೋಣ ಎನ್ನುತ್ತಾಳೆ. ಆ ವೀಕೆಂಡ್ ಇನ್ನೂ ಬಂದಿಲ್ಲ.

"ಬಿಡೆ," ಎನ್ನುತ್ತಾರೆ ಇವರು, ಮಂಕಿಟೋಪಿಯೊಳಗಿಂದ, "ಇವಳಾದ್ರೆ ಫೋನು ಎತ್ತಿ ನಮ್ಮನೆ ವಿಷಯ ನಮ್ಮ ಜೊತೆ ಮಾತಾಡ್ತಾಳೆ."