ಬೆಣ್ಣೆ ವಾಸನೆ ಹಿಡಿಯುವ ಜೆನೀವ್

ಬೆಳಗಿನ ಐದೂವರೆ. ಮಿಶಿಗನ್ ಸರೋವರದ ಗಾಳಿಗೆ ನಮ್ಮೂರು ಇನ್ನೂ ಕಂಬಳಿಯೊಳಗೇ ಇದೆ. ಬಿಯರ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಜೆನೀವ್ ಪ್ರಿಬಿಲ್ ಆಗಲೇ ಆರನೇ ಟ್ಯಾಂಕಿನ ಮುಂದಿದ್ದಾರೆ. ನಲ್ಲಿ ತಿರುಗಿಸಿ ಸೀಸೆಗೆ ಎಳೆ ಬಿಯರ್ ಹಿಡಿಯುತ್ತಾರೆ. ಮುಚ್ಚಳ ಬಿಗಿದು ಅರ್ಧ ಗಂಟೆ ಬಿಸಿನೀರಲ್ಲಿಟ್ಟು, ಆರಿಸಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ.

"ಬೆಣ್ಣೆ. ಇನ್ನೂ ಎರಡು ದಿನ ಬೇಕು ಇದಕ್ಕೆ."

ಬಿಸಿ ತಾಗಿದಾಗ ಬೆಣ್ಣೆ ವಾಸನೆ ಬಂದರೆ ಯೀಸ್ಟಿನ ಕೆಲಸ ಮುಗಿದಿಲ್ಲ ಎಂದರ್ಥ. ಅವಸರಪಟ್ಟು ಬಾಟಲಿಗೆ ತುಂಬಿದರೆ ಕುಡಿದವರು ಮುಖ ಸಿಂಡರಿಸುತ್ತಾರೆ. ದಿನಕ್ಕೆ ಹದಿನಾಲ್ಕು ಟ್ಯಾಂಕಿನಂತೆ ಮೂವತ್ತೊಂದು ವರ್ಷ ಈ ಮೂಗೇ ನಮ್ಮೂರ ಬಿಯರನ್ನು ಕಾದಿದೆ. ಅದು ಮಂಕಾಗಬಾರದೆಂದು ಮಧ್ಯಾಹ್ನದವರೆಗೆ ಕಾಫಿ ಮುಟ್ಟುವುದಿಲ್ಲ. ಮಗಳ ಮದುವೆಯಲ್ಲೂ ಸೆಂಟು ಹಾಕಿಕೊಳ್ಳಲಿಲ್ಲವಂತೆ. "ಮಾರನೇ ದಿನ ಕೆಲಸ ಇತ್ತಲ್ಲ! ಯೀಸ್ಟಿಗೆ ಭಾನುವಾರ ಅಂತ ಗೊತ್ತಾಗುತ್ತಾ?" ಎಂದು ನಗುತ್ತಾರೆ. ಬಾಟಲಿಯ ಚೀಟಿಯ ಮೇಲೆ ಸ್ಥಾಪಕರ ಮೀಸೆ ಇದೆ, ಈಕೆಯ ಹೆಸರು ಎಲ್ಲೂ ಇಲ್ಲ.

ಹೋದ ವರ್ಷ ಪ್ರತಿ ಟ್ಯಾಂಕಿಗೂ ಬೆರಳುದ್ದದ ಸೆನ್ಸರ್ ಇಳಿಸಿದರು. ವಾಸನೆಯನ್ನು ಗಂಟೆಗಂಟೆಗೂ ಅಳೆದು, ಶಾಖವನ್ನು ತಾನೇ ಹೊಂದಿಸಿ, ಹದಿನಾಲ್ಕು ದಿನದ ಬಿಯರನ್ನು ಒಂಬತ್ತು ದಿನಕ್ಕೆ ಇಳಿಸುವ ಯಂತ್ರ ಅದು. ಆದರೆ ಬೆಣ್ಣೆ ಯಾವುದು, ಅಲ್ಲದ್ದು ಯಾವುದು ಎಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕು. "ನೀವು ಮೂಸಿ ಹೇಳ್ತಾ ಹೋಗಿ, ಅದು ಕಲ್ತುಕೊಳ್ಳುತ್ತೆ" ಎಂದರು ಮ್ಯಾನೇಜರ್ ಕರ್ಟ್ ಡಾಲ್ಕೆ. ಕಲಿತ ಮೇಲೆ ಈಕೆಯ ಗತಿಯೇನು ಎಂದು ಅವರೂ ಹೇಳಲಿಲ್ಲ, ಈಕೆಯೂ ಕೇಳಲಿಲ್ಲ.

ಟ್ಯಾಂಕು ತೊಳೆಯುವ ಆರಿನ್‌ಗೆ ಮಾತ್ರ ತಡೆಯಲಾಗಲಿಲ್ಲ. "ಎಂಥಾ ಪೆದ್ದಿಯೇ ನೀನು! ನಿನ್ನ ಗುಂಡಿ ನೀನೇ ತೋಡ್ಕೊಳ್ತಿದ್ದೀಯ. ನಾಲ್ಕು ತಪ್ಪು ಹೇಳು, ಅದರ ತಲೆ ಕೆಟ್ಟುಹೋಗ್ಲಿ."

ಫೆಬ್ರುವರಿಯ ಒಂದು ದಿನ ಜೆನೀವ್ ಒಂದು ತಪ್ಪು ಹೇಳಿಯೇಬಿಟ್ಟರು. ಒಂಬತ್ತನೇ ಟ್ಯಾಂಕು ಶುದ್ಧವಾಗಿತ್ತು, ಈಕೆ ಬೆಣ್ಣೆ ಎಂದು ಬರೆಸಿದರು. "ಊಟಕ್ಕೆ ಕೂತೆ. ಬ್ರೆಡ್ಡನ್ನ ಹಾಗೇ ಡಬ್ಬಿಗೆ ಹಾಕಿ ಮುಚ್ಚಿದೆ. ಎದ್ದುಹೋಗಿ ಕರ್ಟ್‌ಗೆ ಹೇಳ್ದೆ, ಬೇಕಂತಲೇ ತಪ್ಪು ಹೇಳಿದ್ದೀನಿ, ತಿದ್ದಿ ಅಂತ."

ಕರ್ಟ್ ತಿದ್ದಿದರು. ಬೈಯಲಿಲ್ಲ, ಥ್ಯಾಂಕ್ಸ್ ಹೇಳಿದರು. ಏಪ್ರಿಲ್ ಹೊತ್ತಿಗೆ ಯಂತ್ರವೂ ಈಕೆಯೂ ನೂರಕ್ಕೆ ನೂರು ಒಂದೇ ಮಾತು ಹೇಳತೊಡಗಿದ್ದರು. ಅದೇ ವಾರ ಈಕೆಯ ಕೈಗೆ ಪತ್ರ ಬಂತು: ಈ ಶುಕ್ರವಾರವೇ ಕೆಲಸದ ಕೊನೆ ದಿನ.

ಯಂತ್ರದ ಒಂಬತ್ತು ದಿನದ ಹೊಸ ಬಿಯರನ್ನು ನಾನೂ ಕುಡಿದು ನೋಡಿದೆ. ಕೆಟ್ಟಿದ್ದರೆ ಇಲ್ಲಿ ಒಂದು ಕಾಲಂ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಚೆನ್ನಾಗಿದೆ, ಹಾಳಾದ್ದು! ನನ್ನ ಹೊಟ್ಟೆಯುರಿ ಅದೇ.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಜೆನೀವ್ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ.

"ಕೊನೇ ದಿನ ಒಂದೇ ಒಂದು ಟ್ಯಾಂಕು ನನ್ನ ಮಾತಿನ ಮೇಲೆ ಬಿಡಿ ಅಂತ ಕೇಳ್ದೆ. ಆಗಲ್ಲ ಅಂದ್ರು. ಹೋಗ್ಲಿ ಬಿಡಿ. ಸುಳ್ಳು ಕಲಿಸಿದ್ದಿದ್ರೆ ಇನ್ನೊಂದೆರಡು ವರ್ಷ ನನ್ನನ್ನ ಇಟ್ಕೊಳ್ಳಲೇಬೇಕಿತ್ತು ಅವರು. ಕಲಿಸ್ಲಿಲ್ಲ ನಾನು. ಅದನ್ನ ಬರ್ಕೊಳ್ಳಿ."