ಅರ್ಧಕ್ಕೆ ನಿಂತ ಲಿವರ್

ಕೋವಿಡ್ ನಿರ್ಬಂಧಗಳೆಲ್ಲ ತೆರವಾಗಿ ಸುಮಾರು ಒಂದು ವರ್ಷವಾಗಿತ್ತು. ಆಗ ನಾನು ಡಬ್ಲಿನ್ನಿನ ಉತ್ತರಕ್ಕಿರುವ ಸ್ಯಾಂಟ್ರಿಯಲ್ಲಿ, ಒಂದು ಖಾಸಗಿ ಪರೀಕ್ಷಾಲಯದಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ನಮ್ಮ ವಿಭಾಗಕ್ಕೆ ಫೇಲ್ಯೂರ್ ಅನಾಲಿಸಿಸ್ ಎಂದು ಹೆಸರು. ಮುರಿದುಹೋದ, ಬಿರುಕುಬಿಟ್ಟ, ಕೈಕೊಟ್ಟ ವಸ್ತುಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವು ಏಕೆ ಹಾಗಾದವು ಎಂದು ಹೇಳುವುದು ನಮ್ಮ ಕೆಲಸ. ಲಿಫ್ಟಿನ ಕೊಂಡಿ, ಸೈಕಲ್ಲಿನ ಫೋರ್ಕು, ಗಾಲ್ವೇ ಕಡೆಯ ಕಂಪನಿಗಳು ಕಳಿಸುತ್ತಿದ್ದ ಕೂದಲೆಳೆಯಷ್ಟು ಸಣ್ಣ ವೈದ್ಯಕೀಯ ತಂತಿಗಳು ಹೀಗೆ ಎಷ್ಟೋ ನೋಡಿದ್ದೆ. ಬಂದೂಕು ಮಾತ್ರ ಒಮ್ಮೆಯೂ ಬಂದಿರಲಿಲ್ಲ.

ಆ ಶರತ್ಕಾಲದಲ್ಲಿ ಒಂದು ವಿಮಾ ಕಂಪನಿಯವರು ಫೋನ್ ಮಾಡಿದರು. ವಿಕ್ಲೋ ಬೆಟ್ಟಗಳಲ್ಲಿ ಜಿಂಕೆ ಬೇಟೆಗೆ ಹೋದಾಗ ಒಬ್ಬರು ಸತ್ತಿದ್ದಾರೆ, ರೈಫಲ್ ಸರಿಯಾಗಿತ್ತೋ ಇಲ್ಲವೋ ನೋಡಿ ಹೇಳಬೇಕು ಎಂದರು. ಇಲ್ಲಿ ಬೇಟೆ ಎಂದರೆ ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಜಿಂಕೆಗಳು ಮಿತಿಮೀರಿ ಬೆಳೆದು ಎಳೆಯ ಮರಗಳ ತೊಗಟೆ ತಿಂದುಹಾಕುತ್ತವೆ. ಅದಕ್ಕೆ ಲೈಸೆನ್ಸ್ ಇದ್ದವರು ವರ್ಷದ ಕೆಲವು ತಿಂಗಳು ಅವನ್ನು ಹೊಡೆಯಬಹುದು. ಆ ರೈಫಲಿನ ಒಡೆಯ ಡೋನಲ್ ಅಂಥವರಲ್ಲಿ ಒಬ್ಬರು, ಅರವತ್ತರ ಹತ್ತಿರದ ರೈತ. ಸತ್ತವರು ಪ್ಯಾಟ್, ಡೋನಲ್ಲರ ಅಕ್ಕ ಮೌರಾ ಅವರ ಗಂಡ. ಭಾವ ಅನ್ನುವುದಕ್ಕಿಂತ ಹೆಚ್ಚಾಗಿ ಗೆಳೆಯ.

ಘಟನೆ ಹೀಗೆ ನಡೆದಿತ್ತು. ಸಂಜೆ ಬೆಳಕಿರುವಾಗಲೇ ಸ್ಪ್ರೂಸ್ ಮರಗಳ ತೋಪಿನ ಅಂಚಿನಲ್ಲಿ ಒಂದು ದೊಡ್ಡ ಗಂಡು ಜಿಂಕೆ ಕಾಣಿಸಿತು. ನಮ್ಮ ಕಡವೆಯ ಗಾತ್ರದ್ದು. ಡೋನಲ್ ಹೊಡೆದ ಮೊದಲ ಗುಂಡು ಗುರಿ ತಪ್ಪಿ ಹಿಂಭಾಗಕ್ಕೆ ತಗುಲಿತು. ಎರಡನೆಯದಕ್ಕೆ ಅದು ಕುಸಿದು ಬಿತ್ತು. ಪ್ಯಾಟ್ ಕೈಯಲ್ಲಿ ಬಂದೂಕಿರಲಿಲ್ಲ. ಸತ್ತ ಪ್ರಾಣಿಯನ್ನು ಎಳೆದು ತರಲು ಜೊತೆಗೆ ಬಂದವರು ಅವರು. ಮುಗಿಯಿತೆಂದುಕೊಂಡು ಮುಂದೆ ಹೋದರು. ಜಿಂಕೆ ಎದ್ದಿತು. ಹಿಂದೆ ತಂತಿಬೇಲಿ, ಮುಂದೆ ಮನುಷ್ಯ. ಅದು ಮನುಷ್ಯನ ಮೇಲೇ ನುಗ್ಗಿತು. ಡೋನಲ್ ಮೂರನೆಯ ಗುಂಡಿಗೆಂದು ರೈಫಲಿನ ಹಿಡಿಯ ಅಡಿಯಲ್ಲಿರುವ ಲಿವರನ್ನು, ಅಂದರೆ ಮುಂದಿನ ತೋಟಾ ಏರಿಸುವ ಸನ್ನೆಯನ್ನು, ಎಳೆದರು. ಲಿವರ್ ಅರ್ಧಕ್ಕೆ ನಿಂತಿತು. ಕೊಂಬು ಪ್ಯಾಟ್ ಅವರ ತೊಡೆಯ ದೊಡ್ಡ ರಕ್ತನಾಳವನ್ನು ಹರಿದಿತ್ತು. ಡೋನಲ್ ತಮ್ಮ ಕೋಟನ್ನೇ ಗಾಯಕ್ಕೆ ಒತ್ತಿ ಹಿಡಿದು ಕೂತಿದ್ದರು. ಆಂಬ್ಯುಲೆನ್ಸ್ ಬೆಟ್ಟದ ದಾರಿ ಹತ್ತಿ ಬರುವಷ್ಟರಲ್ಲಿ ಪ್ರಾಣ ಹೋಗಿತ್ತು.

ಪೊಲೀಸರು ರೈಫಲನ್ನು ಒಬ್ಬ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿ ಇರಿಸಿ ಪರೀಕ್ಷೆ ಮಾಡಿಸಿದ್ದರು. ಹೊಸ ತೋಟಾಗಳನ್ನು ತುಂಬಿ ಎಷ್ಟು ಸಲ ಹೊಡೆದರೂ ಅದು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಊರಿನಲ್ಲಿ ಮಾತು ಹುಟ್ಟಿಕೊಂಡಿತು: ರೈಫಲ್ ಸರಿಯಾಗಿದೆ, ಡೋನಲ್ಲೇ ಹೆದರಿ ಕೈಕಾಲು ಬಿಟ್ಟ. ಲಿವರನ್ನು ಪೂರ್ತಿ ಎಳೆಯದೆ ಅರ್ಧಕ್ಕೇ ಮೇಲೆತ್ತಿದರೆ ಇಂಥ ರೈಫಲ್ ಸಿಕ್ಕಿಕೊಳ್ಳುತ್ತದೆ ಎಂಬುದು ಬೇಟೆಯವರಿಗೆಲ್ಲ ಗೊತ್ತು. ಗಾಬರಿಯಲ್ಲಿ ಆಗುವ ತಪ್ಪು ಅದು. ಮೌರಾ ಆ ಮಾತನ್ನು ನಂಬಿದರು. ಶವಸಂಸ್ಕಾರದ ದಿನ ತಮ್ಮನ ಕೈ ಹಿಡಿಯಲಿಲ್ಲ. ಆಮೇಲೆ ಮಾತೂ ಆಡಲಿಲ್ಲ.

ಪರೀಕ್ಷೆಗೆ ನನ್ನ ಜೊತೆ ಗಿರೀಶ್ ಬಂದ. ಮೈಸೂರಿನವನು, ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಕೆಲ ವರ್ಷ ದುಡಿದು ನಮ್ಮಲ್ಲಿಗೆ ಬಂದವನು. ಅಳತೆಯ ಕೆಲಸದಲ್ಲಿ ಅವನ ಕೈ ಬಹಳ ನಿಖರ. ರಿಪೇರಿಯವರ ಶೂಟಿಂಗ್ ರೇಂಜಿನಲ್ಲಿ ನಾವು ನಿಂತು ನೋಡಿದೆವು, ಅವರು ಹೊಡೆದರು. ನಮ್ಮೆದುರಿಗೂ ಅದೇ ಫಲಿತಾಂಶ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಲಿವರ್ ಆಡಿತು.

"ವಸುಧಕ್ಕ, ಇದ್ರಲ್ಲಿ ಏನೂ ಪ್ರಾಬ್ಲಮ್ ಇಲ್ಲ. ಪೊಲೀಸ್ನೋರು ಹೇಳಿದ್ದೇ ಸರಿ ಅನ್ಸುತ್ತೆ. ರಿಪೋರ್ಟ್ ಬರೆದು ಮುಗಿಸ್ಬಿಡೋಣ್ವಾ?" ಎಂದು ಗಿರೀಶ್ ಕೇಳಿದ.

ನನಗೂ ಹಾಗೇ ಅನ್ನಿಸಿತ್ತು. ಆದರೆ ಲಿವರಿನ ಬುಡದಲ್ಲಿದ್ದ ಉಕ್ಕಿನ ಪಿನ್ನು, ಲಿವರಿನ ಆಟಕ್ಕೆ ಅಡ್ಡಿಯಾಗದಷ್ಟು, ಸ್ವಲ್ಪ ಬಾಗಿತ್ತು. ಹೆದರಿ ಅರ್ಧಕ್ಕೆ ಬಿಟ್ಟವನ ಕೈಯಲ್ಲಿ ಉಕ್ಕು ಬಾಗುವುದಿಲ್ಲ. ಯಾರೋ ಮೈಯ ಶಕ್ತಿಯನ್ನೆಲ್ಲ ಹಾಕಿ ಅದನ್ನು ಜಗ್ಗಿದ್ದರು. ಆ ದಿನ ಸಿಕ್ಕಿಕೊಂಡಿದ್ದ ತೋಟಾಗಳನ್ನು ಪೊಲೀಸರು ತೆಗೆದಿರಿಸಿದ್ದರು. ಅವನ್ನು ತರಿಸಿಕೊಂಡೆ. ಗಿರೀಶ್ ಒಂದೊಂದನ್ನೇ ಕ್ಯಾಲಿಪರ್‌ಗೆ ಹಿಡಿದು ಅಳೆದ. ಹೊಸದಕ್ಕಿಂತ ಪ್ರತಿಯೊಂದೂ ಒಂದು ಮಿಲಿಮೀಟರ್ ಚಿಲ್ಲರೆ ಗಿಡ್ಡವಾಗಿತ್ತು.

ಇಲ್ಲಿ ಈ ರೈಫಲ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹೇಳಬೇಕು. ತೋಟಾ ಎಂದರೆ ಮದ್ದು ತುಂಬಿದ ಹಿತ್ತಾಳೆಯ ಕೋಶ, ಅದರ ಬಾಯಿಗೆ ಬಿಗಿದ ಸೀಸದ ಗುಂಡು. ಇಂಥ ತೋಟಾಗಳು ರೈಫಲಿನ ನಳಿಕೆಯ ಕೆಳಗೆ ಇನ್ನೊಂದು ಕೊಳವೆಯಲ್ಲಿ ರೈಲುಡಬ್ಬಿಗಳಂತೆ ಒಂದರ ಹಿಂದೊಂದು ಮಲಗಿರುತ್ತವೆ. ಸ್ಪ್ರಿಂಗ್ ಅವನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಲಿವರ್ ಎಳೆದಾಗ ಒಂದು ತೋಟಾ ಲಿಫ್ಟರ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಕೂತು ಮೇಲೇರಿ ನಳಿಕೆಯ ಬಾಯಿಗೆ ಹೋಗುತ್ತದೆ. ಈ ಮಾದರಿಯಲ್ಲಿ ಆ ಪೆಟ್ಟಿಗೆಯ ಉದ್ದ ಸರಿಯಾಗಿ ಒಂದು ತೋಟಾದ ಉದ್ದ. ತೋಟಾ ಗಿಡ್ಡವಾದರೆ ಉಳಿದ ಸಂದಿನಲ್ಲಿ ಮುಂದಿನ ತೋಟಾದ ಬುಡ ತೂರಿಕೊಳ್ಳುತ್ತದೆ. ಆಗ ಪೆಟ್ಟಿಗೆ ಮೇಲೇಳುವುದಿಲ್ಲ, ಲಿವರ್ ಕದಲುವುದಿಲ್ಲ.

ಡೋನಲ್ ಬಳಸಿದ್ದು ಮ್ಯಾಗ್ನಮ್ ಜಾತಿಯಲ್ಲೇ ಭಾರವಾದ ತೋಟಾ. ಹೆಚ್ಚು ಮದ್ದು, ತೂಕದ ಗುಂಡು. ಹೊಡೆದಾಗ ರೈಫಲ್ ಭುಜಕ್ಕೆ ಒದೆಯುವ ಒದೆತವೂ ಅಷ್ಟೇ ಜೋರು. ಆ ಒದೆತ ಕೊಳವೆಯೊಳಗೆ ಕಾದು ಕೂತ ತೋಟಾಗಳಿಗೂ ಬೀಳುತ್ತದೆ. ಒಂದರ ಮೂಗು ಇನ್ನೊಂದರ ಬುಡಕ್ಕೆ ಗುದ್ದುತ್ತದೆ, ಗುಂಡು ಹಿತ್ತಾಳೆಯೊಳಕ್ಕೆ ಸ್ವಲ್ಪ ಸ್ವಲ್ಪವೇ ಜರುಗುತ್ತದೆ. ಆದರೆ ಎರಡು ಸಲ ಒದೆಸಿಕೊಂಡ ಮಾತ್ರಕ್ಕೆ ಒಂದು ಮಿಲಿಮೀಟರ್ ಜರುಗಲಾರದು. ಈ ತೋಟಾಗಳು ಅದಕ್ಕೂ ಮೊದಲೇ ಎಷ್ಟೋ ಒದೆತ ತಿಂದಿರಬೇಕು. ಅದು ಹೇಗೆ ಎಂದು ಡೋನಲ್ಲರನ್ನೇ ಕೇಳಬೇಕಾಗಿತ್ತು.

ಅವರ ಮನೆಗೆ ಒಬ್ಬಳೇ ಹೋದೆ. ಎತ್ತರದ ಆಳು, ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ನಡೆಯುವವರು. ಬಲಗೈಯ ಬೆರಳ ಗೆಣ್ಣುಗಳ ಮೇಲೆ ಗಾಯ ಒಣಗಿದ ಗುರುತುಗಳಿದ್ದವು. ಚಹಾ ಮಾಡಿ ಕೊಟ್ಟು ಎದುರಿಗೆ ಕೂತರು. ಅವರಾಡಿದ್ದು ಇಂಗ್ಲಿಷ್. ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಈ ಭಾರದ ತೋಟಾ ಯಾಕೆ ತಗೊಂಡ್ರಿ?" ಎಂದು ಕೇಳಿದೆ.

"ಹೋದ ವರ್ಷ ಒಂದು ಹೆಣ್ಣು ಜಿಂಕೆ ಗಾಯ ಆಗಿ ತಪ್ಪಿಸ್ಕೊಂಡು ಹೋಯ್ತು. ಎರಡು ದಿನ ಹುಡುಕಿದ್ವಿ, ಪ್ಯಾಟ್ ಮತ್ತೆ ನಾನು. ಸಿಗಲಿಲ್ಲ. ಇನ್ಮೇಲೆ ಯಾವ ಪ್ರಾಣೀನೂ ಹಾಗೆ ನರಳಬಾರ್ದು, ಬಿದ್ರೆ ಒಂದೇ ಏಟಿಗೆ ಬೀಳ್ಬೇಕು ಅಂತ."

ತುಂಬುವ ರೀತಿಯನ್ನು ಕೇಳಿದೆ. ಅವರು ನಿಧಾನವಾಗಿ, ಒಂದು ಹಂತವನ್ನೂ ಬಿಡದೆ ವಿವರಿಸಿದರು. ಒಂದು ಗುಂಡು ಹೊಡೆದ ಕೂಡಲೇ ಇನ್ನೊಂದು ತೋಟಾ ತುಂಬಿ ಕೊಳವೆಯನ್ನು ಸದಾ ಭರ್ತಿ ಇಡುತ್ತಿದ್ದರು. ಹಾಗೆ ತುಂಬಿದ ಹೊಸದು ಹಿಂದಿನಿಂದ ಹೋಗುವುದರಿಂದ ಮುಂದಿನ ಸರದಿ ಅದರದೇ. ಹಳೆಯವು ಆಳದಲ್ಲೇ ಉಳಿಯುತ್ತವೆ. ಬೇಟೆ ಮುಗಿದ ಮೇಲೆ ಕಾನೂನಿನ ಪ್ರಕಾರ ರೈಫಲ್ ಖಾಲಿ ಮಾಡಿ, ತೋಟಾಗಳನ್ನು ಬೆಲ್ಟಿಗೆ ಅದೇ ಸಾಲಿನಲ್ಲಿ ಸಿಕ್ಕಿಸುತ್ತಿದ್ದರು. ಮುಂದಿನ ಸಲ ಅದೇ ಸಾಲಿನಲ್ಲಿ ತುಂಬುತ್ತಿದ್ದರು. ಯಾವುದೂ ಕೆಳಗೆ ಬಿದ್ದು ಮಣ್ಣಾಗಬಾರದು, ಒಂದೂ ಕಳೆಯಬಾರದು ಎಂಬ ಶಿಸ್ತು. ಒಂದೇ ಏಟಿಗೆ ಕೆಲಸ ಮುಗಿಸುವ ಬೇಟೆಗಾರನಿಗೆ ಆಳದ ತೋಟಾ ಬೇಕಾಗುವುದೇ ಇಲ್ಲ. ಹೀಗೆ ಅವೇ ಕೆಲವು ತೋಟಾಗಳು ಇಡೀ ಋತುವಿನ ಒದೆತವನ್ನು ತಿಂದು ಕೂತಿದ್ದವು. ಮಧ್ಯೆ ಹೊಸದು ತುಂಬಲು ಸಮಯವಿಲ್ಲದ ಆ ಸಂಜೆ ಮಾತ್ರ ಅವುಗಳ ಸರದಿ ಬಂದಿತ್ತು.

ಮತ್ತೆ ರೇಂಜಿಗೆ ಹೋದೆವು. ಅದೇ ಕ್ರಮದಲ್ಲಿ, ಆಳದವನ್ನು ಕದಲಿಸದೆ, ಮೇಲೆ ಮೇಲೆ ಹೊಸದು ತುಂಬಿ ಹೊಡೆಯುತ್ತ ಹೋಗಲು ರಿಪೇರಿಯವರಿಗೆ ಹೇಳಿದೆ. ಮಧ್ಯಾಹ್ನದವರೆಗೂ ಸದ್ದು ನಿಲ್ಲಲಿಲ್ಲ. ಕೊನೆಗೆ ಹೊಸದು ತುಂಬುವುದನ್ನು ಬಿಟ್ಟು ಆಳದ ತೋಟಾಗಳನ್ನು ಬರಗೊಟ್ಟೆವು. ಮೊದಲನೆಯದು ಬಂತು. ಎರಡನೆಯದಕ್ಕೆ ಲಿವರ್ ಅರ್ಧಕ್ಕೆ ನಿಂತಿತು. ರಿಪೇರಿಯವರು ಎರಡೂ ಕೈಹಾಕಿ ಜಗ್ಗಿದರು, ಅಲ್ಲಾಡಲಿಲ್ಲ.

"ಅಕ್ಕಾ, ಸಿಕ್ಕಾಕ್ಕೊಂತು," ಎಂದ ಗಿರೀಶ್. ಸಾಮಾನ್ಯವಾಗಿ ಕಾರಣ ಸಿಕ್ಕ ಗಳಿಗೆಯಲ್ಲಿ ನಾವು ಖುಷಿಯಿಂದ ಕೈ ತಟ್ಟಿಕೊಳ್ಳುವವರು. ಅವತ್ತು ಗಿರೀಶ್ ಕ್ಯಾಲಿಪರ್ ತೆಗೆದ, ನಾನು ಹೊಡೆದ ಗುಂಡುಗಳ ಲೆಕ್ಕ ಬರೆದುಕೊಂಡೆ.

ವರದಿ ಬರೆದೆ. ರೈಫಲಿನಲ್ಲಿ ತಯಾರಿಕೆಯ ದೋಷವಿಲ್ಲ. ಭಾರದ ಮ್ಯಾಗ್ನಮ್ ತೋಟಾಗಳ ಒದೆತ, ಈ ಮಾದರಿಯ ಲಿಫ್ಟರ್, ಒಂದೇ ತೋಟಾವನ್ನು ಮತ್ತೆ ಮತ್ತೆ ತುಂಬಿದ ಅಭ್ಯಾಸ, ಮೂರೂ ಸೇರಿ ಲಿವರ್ ನಿಂತಿದೆ. ಹೊಡೆದವರು ಅದನ್ನು ಪೂರ್ಣ ಬಲದಿಂದ ಎಳೆದಿದ್ದಾರೆ. ಸಾವಿನ ಬಗ್ಗೆ ನಡೆಯಲಿದ್ದ ವಿಚಾರಣೆಗೆ ಮೊದಲು ಈ ವಿಷಯ ಡೋನಲ್ಲರಿಗೆ ಗೊತ್ತಾಗಲಿ ಎಂದು ಸಂಬಂಧಪಟ್ಟವರ ಒಪ್ಪಿಗೆ ಪಡೆದು ನಾನೇ ಹೋದೆ. ನಿಜ ಹೇಳುತ್ತೇನೆ, ಕಾರಿನಲ್ಲಿ ಹೋಗುವಾಗ ನನಗೆ ಸಂತೋಷವಾಗಿತ್ತು. ಊರು ಹೇಡಿ ಎಂದಿದ್ದ ಮನುಷ್ಯನಿಗೆ ನೀವು ಹೇಡಿಯಲ್ಲ ಎಂದು ಹೇಳಲು ಹೊರಟಿದ್ದೆ.

ಡೋನಲ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅಂದ್ರೆ ನಾನು ಹೆದರಲಿಲ್ಲ?" ಎಂದರು.

"ಇಲ್ಲ. ಪಿನ್ನು ಬಾಗುವ ಹಾಗೆ ಎಳೆದಿದ್ದೀರಿ."

"ಆ ದಿನ ಹೊಸ ತೋಟಾ ತುಂಬಿದ್ದಿದ್ರೆ? ಹಳೇದನ್ನ ಬಿಸಾಕಿದ್ದಿದ್ರೆ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಬಾಯಿಬಿಟ್ಟು ಹೇಳಲೇಬೇಕಾಯಿತು. "ಬಹುಶಃ ಗುಂಡು ಹಾರ್ತಿತ್ತು," ಎಂದೆ.

"ಹೆದರಿದ್ದಿದ್ರೆ ಚೆನ್ನಾಗಿತ್ತು," ಎಂದರು ಡೋನಲ್. "ಹೆದರಿದೋನನ್ನ ಯಾರಾದ್ರೂ ಕ್ಷಮಿಸ್ತಾರೆ. ನಾನು ತಿಂಗಳುಗಟ್ಟಲೆ ಜೋಪಾನ ಮಾಡಿ ಮಾಡಿ, ಅವನನ್ನ ಕೊಲ್ಲೋ ತೋಟಾನ ನನ್ನ ಕೈಯಾರೆ ತಯಾರು ಮಾಡ್ದೆ."

ಹಾಗಲ್ಲ, ಇದು ಅನುಭವಸ್ಥರಿಗೂ ತಿಳಿಯದ ವಿಷಯ, ಪರೀಕ್ಷೆ ಮಾಡಿದ ಪೊಲೀಸರಿಗೇ ತಿಳಿಯಲಿಲ್ಲ ಎಂದು ಏನೇನೋ ಹೇಳಿದೆ. ಅವರು ತಲೆಯಾಡಿಸಿದರು. ನಾನು ಎದ್ದು ಬರಲಿಲ್ಲ. ಪ್ಯಾಟ್ ಹೇಗಿದ್ದರು ಎಂದು ಕೇಳಿದೆ. ಅವರು ಹಾಡುತ್ತಿದ್ದರಂತೆ, ಬಹಳ ಕೆಟ್ಟದಾಗಿ. ಬೆಟ್ಟ ಇಳಿಯುವಾಗ ಜೋರಾಗಿ ಹಾಡಿ ಸುತ್ತಲಿನ ಜಿಂಕೆಗಳನ್ನೆಲ್ಲ ಓಡಿಸುತ್ತಿದ್ದರಂತೆ. ಅದನ್ನು ಹೇಳುವಾಗ ಡೋನಲ್ ಒಮ್ಮೆ ನಕ್ಕರು.

ಕಾರೊನರ್ ವಿಚಾರಣೆ ಒಂದು ಸಣ್ಣ ಕೋರ್ಟ್ ಹಾಲಿನಲ್ಲಿ ನಡೆಯಿತು. ಸಾವು ಹೇಗಾಯಿತು ಎಂದಷ್ಟೇ ಅಲ್ಲಿ ತೀರ್ಮಾನವಾಗುತ್ತದೆ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ನಾನು ಸಾಕ್ಷಿ ಹೇಳಿದೆ. ಆಕಸ್ಮಿಕ ಸಾವು ಎಂದು ತೀರ್ಪಾಯಿತು. ಹೊರಗೆ ಬಂದಾಗ ಮೌರಾ ನನ್ನನ್ನು ನಿಲ್ಲಿಸಿದರು. ಗಿಡ್ಡ ಹೆಂಗಸು, ಕಣ್ಣು ತಮ್ಮನ ಕಣ್ಣೇ.

"ನಿಜವಾಗ್ಲೂ ಎಳೆದಿದ್ನಾ ಅವನು?"

"ಎಳೆದಿದ್ರು. ಅಷ್ಟು ಬಲ ಹಾಕೋಕೆ ಸಾಧ್ಯ ಅಂತ ನನಗೇ ಗೊತ್ತಿರಲಿಲ್ಲ. ಕೈ ಚರ್ಮ ಕಿತ್ತುಹೋಗಿತ್ತು, ನೀವು ಅವರ ಬೆರಳು ನೋಡಿಲ್ವಾ?"

"ಅವನ ಕೈ ನಾನು ಹಿಡೀಲೇ ಇಲ್ಲ," ಎಂದರು ಮೌರಾ. ಸುತ್ತ ನೋಡಿದರು. ಡೋನಲ್ ಆಗಲೇ ಕಾರು ಹತ್ತಿ ಹೊರಟುಹೋಗಿದ್ದರು.

ಅವರು ಆಮೇಲೆ ತಮ್ಮನ ಮನೆಗೆ ಹೋದರು, ಒಂದಲ್ಲ, ಹಲವು ಸಲ. ಮೊದಮೊದಲು ಡೋನಲ್ ಬಾಗಿಲು ತೆರೆಯಲಿಲ್ಲ. ಚಳಿಗಾಲ ಕಳೆದ ಮೇಲೆ ತೆರೆದರು. ರೈಫಲನ್ನು ಅವರು ವಾಪಸು ಪಡೆಯದೆ ಪೊಲೀಸರಿಗೇ ಬಿಟ್ಟು, ಲೈಸೆನ್ಸನ್ನೂ ಬಿಟ್ಟುಕೊಟ್ಟಿದ್ದರು. ಸುತ್ತಲಿನ ಬೇಟೆ ಕ್ಲಬ್ಬುಗಳವರು ತಮ್ಮ ಸದಸ್ಯರಿಗೆ ನನ್ನ ವರದಿಯ ಸಾರವನ್ನು ಓದಿ ಹೇಳಿದರಂತೆ. ಒದೆತ ತಿಂದ ತೋಟಾಗಳನ್ನು ಮತ್ತೆ ತುಂಬುವುದನ್ನು ಹಲವರು ನಿಲ್ಲಿಸಿದರು, ಕೆಲವರು ಭಾರದ ತೋಟಾಗಳನ್ನೇ ಬಿಟ್ಟರು. ಲೆಕ್ಕಕ್ಕೆ ಹಿಡಿದರೆ ಅದು ಒಳ್ಳೆಯ ಕೆಲಸವೇ.

ನಾನು ನಿವೃತ್ತಳಾಗುವ ವರ್ಷ ಮೌರಾ ಒಂದು ದಿನ ಆಫೀಸಿಗೆ ಫೋನ್ ಮಾಡಿದರು. ಡೋನಲ್ ಈಗ ಭಾನುವಾರ ಊಟಕ್ಕೆ ಬರುತ್ತಾನೆ, ತಿಂದು ತಟ್ಟೆ ತೊಳೆದಿಟ್ಟು ಹೋಗುತ್ತಾನೆ, ಪ್ಯಾಟ್ ಹೆಸರು ಮಾತ್ರ ಎತ್ತುವುದಿಲ್ಲ ಎಂದರು. "ಅವನ ತಪ್ಪಲ್ಲ ಅಂತ ನೀವು ಇನ್ನೊಂದ್ಸಲ ಹೇಳ್ತೀರಾ? ನಾನು ಹೇಳಿದ್ರೆ, ಅಕ್ಕ ಆಗಿರೋದಕ್ಕೆ ಹೀಗೆ ಹೇಳ್ತಾಳೆ ಅಂದ್ಕೋತಾನೆ."

ಡೋನಲ್ಲರಿಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನೆಲ್ಲ ಮತ್ತೊಮ್ಮೆ ಹೇಳಿದೆ. ಅವರು ಶಾಂತವಾಗಿ ಕೇಳಿ, "ಗ್ರ್ಯಾಂಡ್, ಗ್ರ್ಯಾಂಡ್. ಥ್ಯಾಂಕ್ಸ್," ಎಂದರು. ಇಲ್ಲಿಯವರು ಎಲ್ಲ ಸರಿಯಿದ್ದಾಗಲೂ ಈ ಮಾತು ಹೇಳುತ್ತಾರೆ, ಏನೂ ಸರಿಯಿಲ್ಲದಾಗಲೂ ಹೇಳುತ್ತಾರೆ.

ಕಾರಣ ಗೊತ್ತಾದರೆ ಜನರ ಸಂಕಟ ಅರ್ಧ ಇಳಿಯುತ್ತದೆ ಎಂಬ ನಂಬಿಕೆಯಲ್ಲೇ ನಾನು ವೃತ್ತಿಯ ಉದ್ದಕ್ಕೂ ದುಡಿದಿದ್ದೆ. ಬಹಳಷ್ಟು ಸಲ ಇಳಿದದ್ದನ್ನೂ ಕಂಡಿದ್ದೇನೆ. ಆದರೆ ಕಾರಣವೆಂದು ನಾವು ಬರೆಯುವುದನ್ನು ಅದರೊಡನೆ ಬದುಕಬೇಕಾದವರು ಹೊಣೆಯೆಂದು ಓದಿಕೊಳ್ಳುತ್ತಾರೆ, ಅದನ್ನು ತಪ್ಪಿಸುವ ಶಬ್ದ ನನಗೆ ಯಾವ ಭಾಷೆಯಲ್ಲೂ ಸಿಗಲಿಲ್ಲ. ಡೋನಲ್ಲರ ಪ್ರಕರಣದ ಮೇಲೆ ಒಂದನ್ನು ಮಾತ್ರ ರೂಢಿ ಮಾಡಿಕೊಂಡೆ. ಸಾವಿನ ಪ್ರಕರಣಗಳಲ್ಲಿ ಫಲಿತಾಂಶವನ್ನು ಅಂಚೆಗೆ ಹಾಕುತ್ತಿರಲಿಲ್ಲ, ಎದುರಿಗೆ ಕೂತು ಹೇಳುತ್ತಿದ್ದೆ. ಹೇಳಿದ ಮೇಲೆ ಅವರು ಎದ್ದೇಳುವವರೆಗೆ ನಾನೂ ಏಳುತ್ತಿರಲಿಲ್ಲ.