ಪೆಟ್ರೋಲಿನಲ್ಲಿ ತೊಳೆದ ಕಾರ್ಬುರೇಟರ್

ಮೇಸ್ತ್ರಿಗೆ ವಿಮಾನದ ಮೇಲೆ ಸಿಟ್ಟು ಬಂದದ್ದು ಅದರ ಮುಖ ನೋಡುವ ಮೊದಲೇ. ಟಿಕೆಟ್ ಕಳಿಸಿದವಳು ಅಕ್ಕ, ನಿಜ. ಆದರೆ ಅದರ ಹಿಂದೆ ಭಾವ ಇದ್ದಾನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಭಾವ. ಹೊಳೆ ದಾಟಿಸುವ ಒಂದು ದೋಣಿಯೇ ಅವನ ಸಂಸಾರದ ಅನ್ನ. ಆ ದೋಣಿಯ ಇಂಜಿನ್ ಕೆಟ್ಟಾಗ, "ನಿನ್ನ ತಮ್ಮನ ಕೈಗೆ ಕೊಟ್ಟರೆ ದೋಣಿಯೇ ಮುಳುಗುತ್ತೆ" ಎಂದು ಅಕ್ಕನನ್ನು ಹಂಗಿಸಿ, ಬೇರೆ ರಿಪೇರಿಯವನ ಹಿಂದೆ ಹೋದವನು. ಆ ಘನವಂತ ಈಗ ಇಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬುರೇಟರನ್ನು ಕೆಡಿಸಿಟ್ಟು ಕೈಚೆಲ್ಲಿದ್ದ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ದೋಣಿ ಪರೀಕ್ಷೆ. ಅಧಿಕಾರಿಯ ಎದುರು ಇಂಜಿನ್ ಕಾಲು ಗಂಟೆ ಕೆಮ್ಮದೆ, ಕಪ್ಪು ಹೊಗೆ ಉಗುಳದೆ ಓಡಬೇಕು. ಓಡದಿದ್ದರೆ ಪರವಾನಗಿ ಬೇರೆಯವನ ಪಾಲು. ಆಗ ಅಕ್ಕ ಏನು ಬೇಯಿಸಿ ಹಾಕಬೇಕು?

ಪಾರ್ಸಲಿನಲ್ಲಿ ಬಂದ ಕಾರ್ಬುರೇಟರನ್ನು ಮೇಸ್ತ್ರಿ ಪೂರ್ತಿ ಬಿಚ್ಚಿ ಸರಿ ಮಾಡಿದ್ದ. ಒಂದು ಬಿಡಿಭಾಗಕ್ಕೆ ಕಾದು ಕಾದು ಕೆಲಸ ಮುಗಿದದ್ದು ನಿನ್ನೆ ಸಂಜೆ. ರೈಲಿಗೆ ಎರಡು ದಿನ ಬೇಕು. ಅದಕ್ಕೇ ವಿಮಾನ. ಅಕ್ಕ ಗಂಡಹೆಂಡತಿ ಇಬ್ಬರಿಗೂ ಟಿಕೆಟ್ ಮಾಡಿಸಿದ್ದಳು. ತಮ್ಮನೊಬ್ಬನೇ ಬಂದರೆ ಭಾವನ ಕೊರಳಪಟ್ಟಿಗೆ ಕೈ ಹಾಕಿಯಾನು ಎಂಬ ಭಯ ಅವಳಿಗೆ.

ಹೊರಡುವ ಹಿಂದಿನ ರಾತ್ರಿ ಹೆಂಡತಿ ಫೋನ್ ಹಿಡಿದುಕೊಂಡು ವಿಮಾನದಲ್ಲಿ ಒಯ್ಯಬಾರದ ಸಾಮಾನುಗಳ ಪಟ್ಟಿ ಓದತೊಡಗಿದ್ದಳು. "ಬೆಂಕಿಪೆಟ್ಟಿಗೆ, ಪೇಂಟು, ಪಟಾಕಿ, ಗ್ಯಾಸ್ ಡಬ್ಬಿ, ಇಲಿ ಪಾಷಾಣ, ಪೆಟ್ರೋಲು..."

"ಸಾಕು ನಿಲ್ಸೇ! ನಾನೇನು ಪೆಟ್ರೋಲ್ ಬಂಕ್ ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ದೀನಾ?"

"ಓದಿ ಹೇಳ್ದೆ ಅಷ್ಟೇ ರೀ. ಆಮೇಲೆ ಅಲ್ಲಿ ನನ್ನ ಮೇಲೆ ಹಾರಾಡ್ಬೇಡಿ."

ಗೊಣಗುತ್ತಲೇ ಬೆಂಕಿಪೆಟ್ಟಿಗೆ ತೆಗೆದಿಟ್ಟ. ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ಜೊತೆಯಲ್ಲಿ ಹಿಡಿದುಕೊಳ್ಳದೆ ದೊಡ್ಡ ಚೀಲಕ್ಕೆ ಹಾಕಿದ. ಆಮೇಲೆ, ವಿಮಾನ ಹತ್ತುವ ಸಾಮಾನು ಚೊಕ್ಕಟವಾಗಿರಲಿ ಎಂದು, ಮೂವತ್ತೈದು ವರ್ಷದಿಂದ ಮಾಡಿದಂತೆಯೇ, ಕಾರ್ಬುರೇಟರನ್ನು ಒಂದು ಬೋಗುಣಿ ಪೆಟ್ರೋಲಿನಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜಿ, ಬೆಳ್ಳಿಯ ಹಾಗೆ ಹೊಳೆಯುವಂತೆ ತೊಳೆದ. ಒರೆಸಿದ ಬಟ್ಟೆಯಲ್ಲೇ ಸುತ್ತಿ ಚೀಲದ ನಡುವಿಗೆ ಇಟ್ಟ.

ಆ ಬೋಗುಣಿಯೇ ಅವನ ಬದುಕು. ನಾಲ್ಕನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ ದಿನ ಅವನಿಗೆ ಸಿಕ್ಕ ಮೊದಲ ಕೆಲಸ, ಟ್ಯಾಂಕಿಗೆ ಪೈಪು ಹಾಕಿ ಬಾಯಿಂದ ಪೆಟ್ರೋಲ್ ಎಳೆಯುವುದು. ಎಷ್ಟು ಗುಟುಕು ಹೊಟ್ಟೆಗಿಳಿದಿದೆಯೋ ಲೆಕ್ಕವಿಲ್ಲ. ಕೈ ತೊಳೆಯಲೂ ಪೆಟ್ರೋಲು, ಗಾಯಕ್ಕೂ ಪೆಟ್ರೋಲು. ಸೋಪೆಂದರೆ ಸೋಮಾರಿಗಳ ಸಾಮಾನು ಎನ್ನುತ್ತಿದ್ದ. ಸ್ವಂತ ಗ್ಯಾರೇಜು ಹಾಕಿದ ಮೇಲೆ ಜನ ಅವನನ್ನು ಮೂಗು ಮೇಸ್ತ್ರಿ ಎಂದು ಕರೆದರು. ಗಾಡಿ ಬಾಗಿಲಿಗೆ ಬಂದು ನಿಲ್ಲುವುದೇ ತಡ, ಒಮ್ಮೆ ಮೂಸಿ, "ಎಣ್ಣೆ ಸುಡ್ತಿದೆ", "ಕ್ಲಚ್ಚು ಹೋಗಿದೆ" ಎಂದು ಹೇಳಿಬಿಡುತ್ತಿದ್ದ. ಯಾರಾದರೂ ಅನುಮಾನಪಟ್ಟರೆ ಗಾಡಿಯನ್ನೇ ಹೊರಗೆ ತಳ್ಳಿಸುತ್ತಿದ್ದ. ಕಾರ್ಬುರೇಟರಿಗೆ ನೀರು ಸೇರಿಸಿಕೊಂಡು ಬಂದ ಗಿರಾಕಿಗಳಿಗಂತೂ ಏಳು ತಲೆಮಾರಿಗಾಗುವಷ್ಟು ಬೈಗುಳ ಕಟ್ಟಿ ಕೊಡುತ್ತಿದ್ದ.

ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಹೆಂಡತಿ ಒಮ್ಮೆ ಕೇಳಿದಳು, "ಪೆಟ್ರೋಲ್ ವಾಸನೆ ಬರ್ತಿದೆಯಲ್ರೀ?" ಬಸ್ಸಿನದು ಎಂದ. ಗ್ಯಾರೇಜಿನ ಮೇಲಿನ ಎರಡು ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಬಾಳಿದವಳು; ಬಟ್ಟೆಗೆ ಅಂಟಿದ ಮನೆಯ ವಾಸನೆಯೇ ಇರಬೇಕೆಂದು ಸುಮ್ಮನಾದಳು.

ಕೌಂಟರಿನ ಹುಡುಗಿ ಚೀಲವನ್ನು ತಕ್ಕಡಿಗೆ ಹಾಕಿಸಿದವಳು ಮೂಗು ಮುಚ್ಚಿಕೊಂಡಳು.

"ಸರ್, ಇದರಲ್ಲಿ ಪೆಟ್ರೋಲ್ ಇದೆಯಾ?"

"ಪೆಟ್ರೋಲ್ ಯಾಕಿರುತ್ತೆ? ಕಾರ್ಬುರೇಟರ್ ಇದೆ. ತೊಳೆದು ತಂದಿದ್ದೀನಿ."

"ವಾಸನೆ ಬರ್ತಿದೆ ಸರ್."

"ನಿನ್ನ ಸೆಂಟಿನ ವಾಸನೆ ಇರ್ಬೇಕು, ನೋಡ್ಕೋ!"

ಹುಡುಗಿ ಫೋನೆತ್ತಿದಳು. ತಪಾಸಣೆಯ ಅಧಿಕಾರಿ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದ್ದೇ ಮುಖ. ಚೀಲ ಬಿಚ್ಚಿಸಿ ಒಳಗಿನ ಬಟ್ಟೆಯ ಗಂಟನ್ನು ಎರಡು ಬೆರಳಲ್ಲಿ ಎತ್ತಿದ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ.

"ಇದು ಹೋಗಲ್ಲ."

"ಯಾಕೆ ಹೋಗಲ್ಲ? ಅದಕ್ಕೇನು ಕಾಲು ಮುರಿದಿದೆಯಾ?"

ಅಧಿಕಾರಿ ಗೋಡೆಯ ಫಲಕ ತೋರಿಸಿದ. ಸಾಲುಸಾಲು ಚಿತ್ರ, ಒಂದೊಂದರ ಮೇಲೂ ಕೆಂಪು ಗೀಟು. "ಪೆಟ್ರೋಲ್ ಇರೋದಷ್ಟೇ ಅಲ್ಲ, ಅದರ ಆವಿ ಇರೋದೂ ಹಾಕೋ ಹಾಗಿಲ್ಲ. ಮೇಲೆ ಹೋದಾಗ ಹೊತ್ಕೊಂಡ್ರೆ ಯಾರು ಇಳಿದು ಆರಿಸ್ತಾರೆ?"

"ವಾಸನೆಯೇ ಇಲ್ಲ ಅಂತಿದ್ದೀನಿ! ನನಗೆ ಬರದ ವಾಸನೆ ನಿಮಗೆಲ್ಲಿಂದ ಬಂತು? ಮೂಗು ಮೇಸ್ತ್ರಿ ಅಂತಾರೆ ನನ್ನ. ನೀವಿಬ್ಬರೂ ಸೇರಿ ನಾಟಕ ಆಡ್ತಿದ್ದೀರಾ?"

ಹಿಂದಿನ ಸಾಲಿನಿಂದ ಒಬ್ಬ ಕೂಗಿದ, "ಯಜಮಾನ್ರೇ, ಇಲ್ಲೀತನಕ ನಾರ್ತಿದೆ. ಪಕ್ಕಕ್ಕೆ ಬನ್ನಿ, ನಮಗೂ ವಿಮಾನ ಇದೆ."

"ನಿನ್ನನ್ನ ಕೇಳಿದ್ನಾ ನಾನು? ಬಾಯಿ ಮುಚ್ಕೊಂಡು ನಿಂತ್ಕೋ!"

ಅಧಿಕಾರಿಯ ದನಿ ಏರಲಿಲ್ಲ. ಅದೇ ಮೇಸ್ತ್ರಿಯ ಮೈ ಉರಿಸಿತು. "ಇನ್ನು ನಲವತ್ತು ನಿಮಿಷಕ್ಕೆ ಕೌಂಟರ್ ಮುಚ್ಚುತ್ತೆ. ಅಷ್ಟರಲ್ಲಿ ವಾಸನೆ ಹೋಗಿದ್ರೆ ತನ್ನಿ, ನೋಡ್ತೀನಿ. ಇಲ್ಲಾಂದ್ರೆ ಅದನ್ನ ಬಿಟ್ಟು ನೀವು ಹೋಗಿ. ಇನ್ನೊಂದು ಸಲ ಕೂಗಾಡಿದ್ರೆ ನೀವೂ ಹೋಗಲ್ಲ."

ಹೆಂಡತಿ ಚೀಲದ ಸಮೇತ ಅವನನ್ನು ಎಳೆದುಕೊಂಡು ಕಂಬದ ಮರೆಗೆ ಬಂದಳು. ಗಂಟನ್ನು ಅವನ ಮುಖಕ್ಕೆ ಹಿಡಿದಳು.

"ಮೂಸಿ."

"ಏನಿಲ್ಲ."

"ಸರಿಯಾಗಿ ಮೂಸ್ರೀ!"

ಬಟ್ಟೆಯನ್ನು ಮೂಗಿಗೊತ್ತಿ ಎದೆ ತುಂಬ ಉಸಿರೆಳೆದ. ತಂಪು ಗಾಳಿ ಒಳಗೆ ಹೋಯಿತು. ಕಣ್ಣು ಚುರುಗುಟ್ಟಿ ನೀರು ಬಂತು. ವಾಸನೆ ಮಾತ್ರ ಇರಲಿಲ್ಲ.

"ನೀನೂ ಅವರ ಕಡೆ ಸೇರ್ಕೊಂಡ್ಯಾ?" ಎಂದ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಮೂರು ವರ್ಷ ಆಯ್ತು ನಿಮ್ಮ ಮೂಗು ಸತ್ತು," ಎಂದಳು ಹೆಂಡತಿ. "ಹೋದ ತಿಂಗಳು ಪಕ್ಕದಲ್ಲೇ ಹಾಲು ಸೀದು ಕರಿಯಾಯ್ತು, ನೀವು ಪೇಪರ್ ಓದ್ತಾ ಕೂತಿದ್ರಿ. ಗ್ಯಾಸ್ ಸೋರಿದ ದಿನ ಒಲೆ ಮುಂದೆ ನಿಂತು ಬೆಂಕಿಪೆಟ್ಟಿಗೆ ಹುಡುಕ್ತಿದ್ರಿ. ನಾನು ಓಡಿ ಬರದೇ ಇದ್ದಿದ್ರೆ ಇಬ್ಬರೂ ಗೋಡೆ ಮೇಲೆ ಫೋಟೋ ಆಗ್ತಿದ್ವಿ."

"ಸುಳ್ಳು! ನಿನ್ನೆ ತಾನೆ ಆ ಟ್ಯಾಕ್ಸಿಯವನ ಗಾಡಿ ಎಣ್ಣೆ ಸುಡ್ತಿದೆ ಅಂತ ಯಾರು ಹೇಳಿದ್ದು?"

"ಟೀ ತಂದಿಟ್ಟಾಗ 'ಅಬ್ಬಾ, ಎಣ್ಣೆ ಸುಟ್ಟ ವಾಸನೆ' ಅಂತ ಅಂದಿದ್ಯಾರು? ನೀವು ಅದನ್ನೇ ಎರಡು ನಿಮಿಷ ಬಿಟ್ಟು ಅವನಿಗೆ ಹೇಳಿದ್ರಿ. ದಿನಾ ಅದೇ ಆಗಿದೆ. ನಾನು ಗೊಣಗೋದು, ನೀವು ಹೇಳೋದು."

ಮೇಸ್ತ್ರಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಮೂರು ವರ್ಷದ ಟೀ ಲೋಟಗಳೆಲ್ಲ ಒಟ್ಟಿಗೆ ನೆನಪಾದವು. ಇವಳು ಲೋಟ ಇಡುತ್ತ ಏನೋ ಒಂದು ಅನ್ನುವುದು, ತಾನು ಗಾಡಿಯ ಸುತ್ತ ಒಂದು ಸುತ್ತು ಬಂದು ಮೂಗೇರಿಸಿ ತೀರ್ಪು ಕೊಡುವುದು. ಬೈಯಲು ಬಾಯಿ ತೆರೆದ. ಯಾರನ್ನು ಬೈಯಬೇಕೆಂದು ತೋಚಲಿಲ್ಲ.

"ಮುವ್ವತ್ತೈದು ನಿಮಿಷ ಇದೆ," ಎಂದಳು ಹೆಂಡತಿ. "ಅಕ್ಕ ಕಾಯ್ತಿದ್ದಾರೆ. ಸೋಪ್ ಹಾಕಿ ತೊಳೀತೀರೋ, ಇಲ್ಲೇ ನಿಂತು ನನ್ನ ಮೇಲೆ ಹಲ್ಲು ಕಡೀತೀರೋ?"

ಗಂಡಸರ ಶೌಚಾಲಯದ ಬೇಸಿನ್ನಿನಲ್ಲಿ ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿದ. ಬಟ್ಟೆ ಕಸದ ಡಬ್ಬಿಗೆ ಹೋಯಿತು. ಕೈ ತೊಳೆಯುವ ಸೋಪು ಹಿಂಡಿ ಹಿಂಡಿ, ತನ್ನ ಕೈಯಾರೆ, ಕಾರ್ಬುರೇಟರಿಗೆ ನೀರು ಬಿಟ್ಟ. ಗಿರಾಕಿಗಳಾರಾದರೂ ನೋಡಿದ್ದರೆ ಊರು ಬಿಡಬೇಕಿತ್ತು. ಟೈ ಕಟ್ಟಿದವನೊಬ್ಬ ಪಕ್ಕದ ನಲ್ಲಿಗೆ ಬಂದು, "ಇದೇನ್ರೀ ಗ್ಯಾರೇಜಾ?" ಎಂದ.

"ಹೌದು. ನಿನ್ನ ತಲೆ ಬಿಚ್ಬೇಕಾ?"

ಟೈಯವನು ಕೈ ಒರೆಸಿಕೊಳ್ಳದೆ ಹೊರಟುಹೋದ.

ಕೈ ಒಣಗಿಸುವ ಬಿಸಿಗಾಳಿ ಯಂತ್ರದ ಕೆಳಗೆ ಹಿಡಿದು ಒಣಗಿಸಿ, ಬಾಗಿಲಿಗೆ ಬಂದು ಹೆಂಡತಿಗೆ ಕೊಟ್ಟ. ಅವಳು ಮೂಸಿದಳು. "ಇದೆ." ಮತ್ತೆ ಒಳಗೆ. ಮತ್ತೆ ಸೋಪು, ಬಿಸಿಗಾಳಿ, ಬಾಗಿಲು. "ಇನ್ನೂ ಇದೆ." ಮೂರನೇ ಸಲ ಅವಳು ಬಿಡಿಭಾಗಗಳನ್ನು ಒಂದೊಂದಾಗಿ ಮೂಸಿ, ಒಂದು ಕಪ್ಪು ಪಟ್ಟಿಯನ್ನು ಬೆರಳಿನಲ್ಲಿ ಎತ್ತಿ ಹಿಡಿದಳು. "ಇದು. ಮಿಕ್ಕಿದ್ದೆಲ್ಲ ಸರಿಯಿದೆ."

ಅದು ಎರಡು ಭಾಗಗಳ ಸಂದಿಗೆ ಕೂರುವ ಪ್ಯಾಕಿಂಗು. ಪೆಟ್ರೋಲ್ ಕುಡಿದು ಉಬ್ಬಿತ್ತು. ತೊಳೆದರೆ ಹೋಗುವುದಲ್ಲ ಎಂದು ಕೈಗೇ ತಿಳಿಯಿತು. ಅದಿಲ್ಲದೆ ಕಾರ್ಬುರೇಟರ್ ಸೋರುತ್ತದೆ.

"ಬಿಸಾಕಲಾ?" ಹೆಂಡತಿ ಕೇಳಿದಳು.

"ಬಿಸಾಕು. ಅಲ್ಲಿ ರಟ್ಟು ಕತ್ತರಿಸಿ ಮಾಡ್ಕೋತೀನಿ."

ಕೌಂಟರ್ ಮುಚ್ಚಲು ನಾಲ್ಕು ನಿಮಿಷವಿತ್ತು. ಅಧಿಕಾರಿ ಕಾರ್ಬುರೇಟರನ್ನು ಮೂಗಿನ ಹತ್ತಿರ ಹಿಡಿದ, ಕೌಂಟರಿನ ಹುಡುಗಿಗೂ ಕೊಟ್ಟ. ಅವಳು, "ಸೋಪಿನ ವಾಸನೆ," ಎಂದಳು. ಅಧಿಕಾರಿ ಚೀಲಕ್ಕೆ ಚೀಟಿ ಕಟ್ಟಿಸಿದ. ಮೇಸ್ತ್ರಿ ಧನ್ಯವಾದ ಹೇಳಲಿಲ್ಲ. ಹೆಂಡತಿ ಇಬ್ಬರ ಪರವಾಗಿ ಹೇಳಿದಳು.

ವಿಮಾನ ಇಳಿಯುವ ಹೊತ್ತಿಗೆ ಮೇಸ್ತ್ರಿ ಕಿಟಕಿ ಕಡೆಗೆ ಮುಖ ಮಾಡಿಕೊಂಡೇ, "ನಾಳೆ ಭಾವನ ಮುಂದೆ ಬಾಯಿ ಬಿಟ್ಟರೆ ನೋಡು," ಎಂದ.

"ಬಿಡಲ್ಲ. ಕಪ್ಪು ಹೊಗೆ ಬಂದ್ರೂ ಬಿಡಲ್ಲ. ಆಯ್ತಾ?"

ಮರುದಿನ ಹೊಳೆದಂಡೆಯಲ್ಲಿ ಅಕ್ಕ, ಗಡಿಯಾರ ಹಿಡಿದ ದೋಣಿ ಪರೀಕ್ಷೆಯ ಅಧಿಕಾರಿ, ಎದೆಗೆ ಕೈ ಕಟ್ಟಿದ ಭಾವ. ಹೆಂಡತಿ ದೋಣಿಯಲ್ಲಿ ಮೇಸ್ತ್ರಿಯ ಜೊತೆ, ಇಂಜಿನ್ನಿನ ಹಿಂದೆ ನಿಂತಿದ್ದಳು. ಹೊಸ ರಟ್ಟಿನ ಪ್ಯಾಕಿಂಗು ಹಿಂದಿನ ಸಂಜೆಯೇ ಕೂತಿತ್ತು. ಮೂರನೇ ಸಲ ಹಗ್ಗ ಎಳೆದಾಗ ಇಂಜಿನ್ ಶುರುವಾಯಿತು. ಅಧಿಕಾರಿ ಹೊತ್ತು ನೋಡಿಕೊಂಡ.

ಮೇಸ್ತ್ರಿಯ ಕಿವಿಗೆ ಎಲ್ಲ ಸರಿಯಾಗಿತ್ತು. ಆದರೆ ಹೆಂಡತಿಯ ಹುಬ್ಬು ಗಂಟಾಗಿತ್ತು. ತುಟಿ ಬಿಗಿದುಕೊಂಡು, ಹೇಳಿದ ಮಾತಿಗೆ ತಪ್ಪದೆ ಸುಮ್ಮನೆ ನಿಂತಿದ್ದಳು. ಹೊಗೆಯ ತುದಿ ಕಪ್ಪಗಾಗತೊಡಗಿತು. ಭಾವ ಅಕ್ಕನ ಕಡೆ ತಿರುಗಿ ನಕ್ಕ.

"ಏನೇ?" ಎಂದು ಮೇಸ್ತ್ರಿ ಹೆಂಡತಿಗೆ ಕೂಗಿದ. "ಹೇಳೇ, ಬಾಯಿ ಬಿಡು!"

"ಪೆಟ್ರೋಲ್ ಜಾಸ್ತಿ ಹೋಗ್ತಿದೆ."

ಅವನು ಕಾರ್ಬುರೇಟರಿನ ಸ್ಕ್ರೂ ತಿರುಗಿಸಿದ. "ಈಗ?"

"ಇನ್ನೊಂಚೂರು."

"ಈಗ?"

"ಸಾಕು. ಈಗ ಸರಿಯಾಯ್ತು."

ಹೊಗೆ ತಿಳಿಯಾಯಿತು. ಅಧಿಕಾರಿ ಮತ್ತೆ ಮೊದಲಿಂದ ಹೊತ್ತು ಎಣಿಸತೊಡಗಿದ. ಭಾವ ಅಕ್ಕನಿಗೆ ಹೇಳುವವನಂತೆ ಗಟ್ಟಿಯಾಗಿ ಅಂದ, "ನಿನ್ನ ತಮ್ಮ ಈಗ ಹೆಂಡತಿ ಹೇಳಿಕೊಟ್ಟ ಹಾಗೆ ರಿಪೇರಿ ಮಾಡ್ತಾನಾ?"

"ಹೌದು!" ಸ್ಕ್ರೂಡ್ರೈವರ್ ಹಿಡಿದೇ ಮೇಸ್ತ್ರಿ ಎದ್ದು ನಿಂತ. "ನನ್ನ ಮೂಗು ಸತ್ತಿದೆ. ಅವಳ ಮೂಗಿಂದಲೇ ನಿನ್ನ ಇಂಜಿನ್ ಓಡ್ತಿರೋದು. ಏನೀಗ?"

ಭಾವನ ಎದೆಗೆ ಕಟ್ಟಿದ ಕೈ ಕೆಳಗಿಳಿಯಿತು. ಅಕ್ಕ ನಗು ಮರೆಸಲು ಬೇರೆ ಕಡೆ ನೋಡಿದಳು. ಇಂಜಿನ್ ಓಡುತ್ತಲೇ ಇತ್ತು, ಒಂದೇ ಸಮನೆ, ಒಂದು ಕೆಮ್ಮೂ ಇಲ್ಲದೆ. ಕಾಲು ಗಂಟೆ ಮುಗಿದಾಗ ಅಧಿಕಾರಿ ಕಾಗದದ ಮೇಲೆ ಸಹಿ ಹಾಕಿ ಭಾವನ ಕಡೆ ಚಾಚಿದ.

"ತಗೋ ಹೋಗು, ಗೊಂಬೆ ಥರ ನಿಂತಿದ್ದೀಯಲ್ಲ," ಎಂದು ಮೇಸ್ತ್ರಿ ಗದರಿ, ತಾನು ದಂಡೆಗಿಳಿದು, ಹೆಂಡತಿ ದೋಣಿಯಿಂದ ಇಳಿಯಲೆಂದು ಕೈ ಚಾಚಿದ.